ನಾಲ್ಕನೆಯ ಶುಕ್ರವಾರದ ಎಣಿಕೆ

ಕರಾಮ, ದುಬೈ
15 ಮಾರ್ಚ್ 2014, ಶನಿವಾರ

ಪ್ರೀತಿಯ ಅಮಿತಾ,

ನೀನು, ಅಳಿಯಂದಿರು, ಪುಟ್ಟ ತೃಷಾ ಎಲ್ಲರೂ ಆರಾಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ತಡವಾಯಿತು, ಬೈಯಬೇಡ. ವಾರಕ್ಕೆರಡು ಸಲ ಫೋನಿನಲ್ಲಿ ಸಿಗುವ ಮಾವ ಕಾಗದ ಯಾಕೆ ಬರೆಯುತ್ತಾರೆ ಎಂದು ಅಳಿಯಂದಿರು ನಗಬಹುದು. ಫೋನಿನಲ್ಲಿ ನಾನು "ಎಲ್ಲ ಒಳ್ಳೇದುಂಟು" ಎಂದು ಇಟ್ಟುಬಿಡುವವನು, ನಿನಗೆ ಗೊತ್ತಲ್ಲ.

ತಡವಾದದ್ದು ಚುನಾವಣೆಯಿಂದ. ಊರಲ್ಲಿ ಬರುವ ತಿಂಗಳು ಇರುವುದಲ್ಲ, ನಮ್ಮ ಕನ್ನಡ ಬಳಗದ ಅಧ್ಯಕ್ಷರದ್ದು. ನಾನು ಚುನಾವಣಾಧಿಕಾರಿ, ಅಂದರೆ ಬಿಸ್ಕತ್ತಿನ ಡಬ್ಬಕ್ಕೆ ತೂತು ಕೊರೆದು ಅದರ ಪಕ್ಕ ಕೂತು ಕಾಯುವವನು. ನಿನ್ನ ಅಮ್ಮ ಈ ಬಳಗ ಕಟ್ಟಿ, ಶುಕ್ರವಾರ ಮಕ್ಕಳಿಗೆ ಅಕ್ಷರ ಕಲಿಸಲು ಶುರು ಮಾಡಿದಾಗ ನಿನಗೆ ಆರು ವರ್ಷ. ನಿಯಮ ಬರೆದದ್ದೂ ಅವಳೇ. ಪಟ್ಟಿಯಲ್ಲಿರುವ ಹೆಸರುಗಳ ಅರ್ಧಕ್ಕಿಂತ ಹೆಚ್ಚು ಮತ ಬಿದ್ದವರೇ ಅಧ್ಯಕ್ಷರು. ಬೀಳದಿದ್ದರೆ ಮುಂದಿನ ಶುಕ್ರವಾರ ಮತ್ತೆ.

ಪಟ್ಟಿಯಲ್ಲಿ ನೂರ ಹನ್ನೊಂದು ಹೆಸರು. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದವರ ಹೆಸರನ್ನು ನಾವು ಯಾವತ್ತೂ ಹೊಡೆದು ಹಾಕಿದವರಲ್ಲ. ಕಂಪೆನಿಯವರು ಒಂದು ಸಲ ಕ್ಯಾನ್ಸಲ್ ಮಾಡಿಯಾಗಿದೆ, ಇನ್ನು ನಾವೂ ಮಾಡುವುದೇ ಎಂಬ ಸಂಕೋಚ. ಹಾಗಾಗಿ ಗೆಲ್ಲಲು ಐವತ್ತಾರು ಮತ ಬೇಕು. ಮೊದಲ ಶುಕ್ರವಾರ ಅರವತ್ತೆಂಟು ಜನ ಬಂದರು, ಮತ ಸ್ಪರ್ಧೆಗೆ ನಿಂತ ಲತೇಶನಿಗೂ ಶೆಲ್ಡನ್‌ಗೂ ಹಂಚಿಹೋಯಿತು. ಎರಡನೆಯ ಸಲ ಐವತ್ತೈದು, ಮೂರನೆಯ ಸಲ ನಲವತ್ತನಾಲ್ಕು. ಬಂದವರೆಲ್ಲ ಒಬ್ಬನಿಗೇ ಹಾಕಿದರೂ ಸಾಲದು.

ಆಸ್ಪತ್ರೆಯ ನರ್ಸ್ ಫೆಲ್ಸಿ ಚೀಟಿಯನ್ನು ಮಡಚದೆಯೇ ಡಬ್ಬಕ್ಕೆ ತುರುಕಿದಳು. "ಪೂವಪ್ಪಣ್ಣ, ನಂಗೆ ವಾರಕ್ಕೊಂದೇ ರಜೆ. ಬಟ್ಟೆ ಒಗೀಲಿಕ್ಕುಂಟು, ಮಕ್ಕಳಿಗೆ ಫೋನ್ ಮಾಡ್ಲಿಕ್ಕುಂಟು. ಯಾರಾದ್ರೂ ಆಗ್ಲಿ ಮಾರಾಯ್ರೆ, ಒಮ್ಮೆ ಖಲಾಸ್ ಮಾಡಿ" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ನನಗೂ ಸಾಕಾಗಿತ್ತು.

ಹೆಚ್ಚು ಮತ ಬಿದ್ದವನೇ ಗೆದ್ದ ಎಂದು ನಿಯಮ ತಿದ್ದುವ ಎಂದ ಲತೇಶ. ತಿದ್ದಲಿಕ್ಕೂ ಅದೇ ಐವತ್ತಾರು ಕೈ ಮೇಲೇಳಬೇಕು. ಕೊನೆಗೆ ಶೆಲ್ಡನ್ ದಾರಿ ತೋರಿಸಿದ. "ಇಲ್ಲದವರ ಹೆಸರು ತೆಗೀರಿ ಅಂಕಲ್. ಅದ್ರಲ್ಲೂ ಆಗ್ಲಿಲ್ಲಾಂದ್ರೆ ಬಳಗ ಮುಚ್ಚುವ." ಎಲ್ಲರೂ ಒಪ್ಪಿದರು, ಒಪ್ಪಿದರೆ ಬೇಗ ಮನೆಗೆ ಹೋಗಬಹುದಲ್ಲ.

ಆ ಕೆಲಸ ನನ್ನ ತಲೆಗೆ ಬಂತು. ವಾರವಿಡೀ ಕೂತು ಮೂವತ್ತೊಂಬತ್ತು ಹೆಸರಿಗೆ ಗೆರೆ ಎಳೆದೆ. ನಿನಗೆ ಸೈಕಲ್ ಕಲಿಸಿದ ಹರ್ಬರ್ಟ್ ಅಂಕಲ್ ಕೂಡ ಹೋದರು. ಉಳಿದದ್ದು ಎಪ್ಪತ್ತೆರಡು, ಗೆಲ್ಲಲು ಮೂವತ್ತೇಳು ಎಂದು ಘೋಷಿಸಿದೆ. ಪಟ್ಟಿ ಓದಿ ಎಂದು ಯಾರೂ ಕೇಳಲಿಲ್ಲ.

ನಿನ್ನೆ ನಾಲ್ಕನೆಯ ಶುಕ್ರವಾರ. ನಲವತ್ತೊಂದು ಜನ ಬಂದಿದ್ದರು. ಲತೇಶನಿಗೆ ಮೂವತ್ತಾರು, ಶೆಲ್ಡನ್‌ಗೆ ಐದು. ಎರಡು ಸಲ ಎಣಿಸಿದೆ. ಒಂದೇ ಒಂದು ಕಡಿಮೆ.

"ನನ್ನ ಓಟು ಅವನಿಗೇ ಹಾಕ್ಕೊಳ್ಳಿ ಅಂಕಲ್" ಎಂದ ಶೆಲ್ಡನ್. ಡಬ್ಬ ತೆರೆದ ಮೇಲೆ ಮತ ಬದಲಾಗುವುದಿಲ್ಲ ಎಂದೆ. ನಿಯಮದ ಮನುಷ್ಯನಲ್ಲವೇ ನಾನು. ಲತೇಶ ನಿನ್ನ ಅಮ್ಮನ ಹತ್ತಿರ ಅಕ್ಷರ ಕಲಿತವನು. ಆ ತರಗತಿಯನ್ನು ಮತ್ತೆ ನಡೆಸಬೇಕೆಂದೇ ಚುನಾವಣೆಗೆ ನಿಂತಿದ್ದ. "ಆಯ್ತಣ್ಣ, ಹಾಗಾದ್ರೆ ಮುಚ್ಚುವ" ಎಂದು ಕುರ್ಚಿಗಳನ್ನು ಒಂದರ ಮೇಲೊಂದು ಇಡತೊಡಗಿದ. ಯಾರಾದರೂ ಜಗಳಕ್ಕಾದರೂ ಬರುತ್ತಾರೆಂದು ಕಾದೆ, ಬರಲಿಲ್ಲ. ಬರುವ ಶುಕ್ರವಾರ ಕೊನೆಯ ಸಭೆ. ಕಪ್ಪು ಹಲಗೆ ಯಾರಿಗೆ ಬೇಕೆಂದು ಕೇಳಬೇಕಂತೆ.

ಇಲ್ಲಿ ಸೆಕೆ ಶುರುವಾಗುತ್ತಿದೆ. ನನ್ನ ಮಂಡಿನೋವು ಪರವಾಗಿಲ್ಲ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ತೃಷಾಳಿಗೆ ಅಜ್ಜನ ಮುತ್ತು.

ನಿನ್ನ ಅಪ್ಪ,
ಪೂವಪ್ಪ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಪಟ್ಟಿಯ ಮೊದಲ ಹೆಸರು ವಾರಿಜಾಕ್ಷಿ. ನಿನ್ನ ಅಮ್ಮನ ಹೆಸರಿಗೆ ಮಾತ್ರ ಗೆರೆ ಎಳೆಯಲಾಗಲಿಲ್ಲ. ಆ ಎಪ್ಪತ್ತೆರಡರಲ್ಲಿ ಅವಳೂ ಇದ್ದಾಳೆ. ಅವಳನ್ನು ಬಿಟ್ಟರೆ ಎಪ್ಪತ್ತೊಂದು; ಮೂವತ್ತಾರು ಸಾಕಿತ್ತು, ಲತೇಶ ನಿನ್ನೆಯೇ ಗೆದ್ದಿದ್ದ. ಅವಳು ಕಟ್ಟಿದ್ದನ್ನು ಮುಚ್ಚಿಸಿದವನು ನಾನು. ಶುಕ್ರವಾರ ಎಲ್ಲರೆದುರು ನಿಂತು ಅವಳ ಹೆಸರು ತೆಗೆಯಿರಿ ಎಂದು ಹೇಳಬೇಕು, ಯಾಕೆಂದೂ ಹೇಳಬೇಕು. ಅವಳು ಹೋಗಿ ಮೂರು ವರ್ಷವಾದರೂ ಆ ಮಾತು ಒಮ್ಮೆಯೂ ನನ್ನ ಬಾಯಿಂದ ಬಂದದ್ದಿಲ್ಲ. ಅದಕ್ಕೇ ಮೊದಲು ನಿನಗೆ ಬರೆದು ನೋಡುತ್ತಿದ್ದೇನೆ. ನಿನ್ನ ಅಮ್ಮ ಇಲ್ಲ, ಅಮಿತಾ.