ಮೂಲದಲ್ಲಿ ನಲವತ್ತೇ ವೋಲ್ಟ್

೧೪ ನವೆಂಬರ್ ೧೯೩೪, ಬುಧವಾರ. ಟ್ರೋಂಡ್‌ಹೈಮ್.

ಆ "ಛಟ್!" ಇನ್ನೂ ಕಿವಿಯಲ್ಲೇ ಮೊಳಗುತ್ತಿದೆ.

ಪ್ರಯೋಗಶಾಲೆಯಲ್ಲಿ ನನ್ನ ಜೊತೆಗಾರ ಹಾಲ್ವರ್ಡ್ ಕೇಳಿದ್ದ: "ಅಪ್ಪಣೆಯೇ, ಮಹಾರಾಜರೇ? ಸುರುಳಿಯ ತಂತಿ ಜಾರ್ತಿದೆ, ಹಿಡೀಲಾ?"

"ಹಿಡಿಯೋ ಪುಕ್ಕಲ! ಬರೀ ನಲವತ್ತು ವೋಲ್ಟು!" ಎಂದು ಗರ್ಜಿಸಿದೆ. ಹಿಡಿದ. ಸತ್ತ.

ನಾನು ಅಳೆದದ್ದು ವಿದ್ಯುತ್ ಹೊರಡುವ ಮೂಲವನ್ನು ಮಾತ್ರ. ಸುರುಳಿಯೂ ಕೆಪಾಸಿಟರೂ ಶ್ರುತಿಗೂಡಿದರೆ, ಹದವರಿತು ನೂಕಿದ ಉಯ್ಯಾಲೆಯಂತೆ, ಆ ನಲವತ್ತೇ ಸುರುಳಿಯ ತುದಿಯಲ್ಲಿ ಎರಡು ಸಾವಿರಕ್ಕೇರುತ್ತದೆ. ಹದಿನೇಳು ವರ್ಷ ಇದನ್ನೇ ಪಾಠ ಮಾಡಿದವನು ನಾನು!

ಆಸ್ಪತ್ರೆಯಲ್ಲಿ ಅವನ ಹೆಂಡತಿ ರಾಂಡಿ ಕೇಳಿದಳು: "ನಲವತ್ತು ವೋಲ್ಟಿಗೆ ಯಾರಾದ್ರೂ ಸಾಯ್ತಾರಾ, ಮೇಷ್ಟ್ರೇ?"

"ಇಲ್ಲಮ್ಮ."

"ಹಾಗಾದ್ರೆ ಇವರ ಎದೇನೇ ಸರಿ ಇರ್ಲಿಲ್ವೇನೋ."

ಸಭಾಂಗಣ ನಡುಗಿಸುವ ಈ ಗಂಟಲಿನಿಂದ "ಎರಡು ಸಾವಿರ" ಎಂಬ ಮಾತು ಹೊರಡಲಿಲ್ಲ. ಬೆಳಗಾದರೆ ಅವಳ ಬಾಗಿಲು ತಟ್ಟಿ, ನಾನೇ ಹೇಳುತ್ತೇನೆ: ಅವನ ಎದೆ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಲೆಕ್ಕ.