ಓಡುಂ ಮರದ ಮೂಲಪ್ರತಿ

ಬಂದರು ಕಚೇರಿ, ಟಾಕೊರಾಡಿ
ಶುಕ್ರವಾರ

ಮಾನ್ಯ ಅಮಂಕ್ವಾ ಅವರಿಗೆ,

ನಮ್ಮ ಮರದ ಕಂಪನಿಯ ಎಂಟೂ ಕಚೇರಿಗಳ ಕಡತಗಳು ಸೋಮವಾರ ಒಂದೇ ವ್ಯವಸ್ಥೆಗೆ ಸೇರಿದವಲ್ಲವೇ, ಇಲ್ಲಿ ಕೇಕು ಹಂಚಿದರು. ನಿಮ್ಮ ಕುಮಾಸಿ ಕಚೇರಿಯ ಪರವಾನಗಿಗಳೆಲ್ಲ ಈಗ ನನ್ನ ಕಂಪ್ಯೂಟರಿನಲ್ಲೇ ತೆರೆಯುತ್ತವೆ. ಯಾರನ್ನೂ ಕೇಳಬೇಕಿಲ್ಲ.

ಕಡತದ ಸಂಖ್ಯೆ ಓದಿ ಹೇಳಲು ಒಂಬತ್ತು ವರ್ಷ ನೀವು ಫೋನ್ ಮಾಡಿದ್ದು ಸರಿಯಾಗಿ ನನ್ನ ಊಟದ ಹೊತ್ತಿಗೆ. ತಿನ್ನುವಾಗ ಕರೆಯದಿರುವುದು ನನಗೆ ಬಾರದು. “ಬನ್ರೀ, ಮೆಕ್ಕೆಜೋಳದ ಕೆಂಕಿ ಉಂಡೆ ಇದೆ, ಹುರಿದ ಮೀನಿದೆ” ಎನ್ನುತ್ತಿದ್ದೆ. “ಕೈ ತೊಳ್ಕೊಂಡೆ ಮೇಡಂ, ಹೊರಟ್ಬಿಟ್ಟೆ. ಮೀನಿನ ತಲೆ ನಂಗಿರ್ಲಿ” ಎಂದು ನಗುತ್ತಿದ್ದಿರಿ. ನಿಮ್ಮ ಮುಖ ಮಾತ್ರ ನಾನು ನೋಡಿಲ್ಲ.

ಈ ವಾರ ಫೋನ್ ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಐದು ದಿನವೂ ಮೀನಿನ ತಲೆ ತಟ್ಟೆಯಲ್ಲೇ ಉಳಿಯಿತು.

ಒಂದು ಕೋರಿಕೆ. ಓಡುಂ ಮರದ ಹಳೆಯ ಪರವಾನಗಿಯ ಸ್ಕ್ಯಾನಿನಲ್ಲಿ ಮೊಹರು ಮಸುಕಾಗಿದೆ. ಮತ್ತೆ ಸ್ಕ್ಯಾನ್ ಮಾಡಬೇಡಿ, ಯಾರ ಕೈಯಲ್ಲೂ ಕಳಿಸಬೇಡಿ. ಮೂಲಪ್ರತಿಯನ್ನು ನೀವೇ ತನ್ನಿ. ಇದನ್ನು ಕಾಗದದಲ್ಲೇ ಬರೆದಿದ್ದೇನೆ; ವ್ಯವಸ್ಥೆಯಲ್ಲಿ ಹಾಕಿದರೆ ಎಂಟೂ ಕಚೇರಿಯವರು ಓದುತ್ತಾರೆ.

ನಸುಕಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀರಿ. ಕೈ ತೊಳೆಯಲು ನೀರು ಇಟ್ಟಿರುತ್ತೇನೆ.

ಇತಿ,
ಅರಾಬಾ ಎಸ್ಸುಮನ್
ದಾಖಲೆ ವಿಭಾಗ