ಉದ್ದೇಶ: ಸುಮ್ಮನೆ

ಕಾಡುದಾರಿಯ ಗೇಟಿನ ಮೇಲಧಿಕಾರಿಗಳೇ,

ನಿಮ್ಮ ಗೇಟಿನ ಪುಸ್ತಕದಲ್ಲಿ, ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವ ಅಜ್ಜಿಯೊಬ್ಬರು ಸತ್ತಿದ್ದಾರೆ. ಕೊಂದವಳು ನಾನು, ಪೆನ್ನು ನಿಮ್ಮದು. ಆ ಸಾಲನ್ನು ಹೊಡೆದುಹಾಕಿ ಎಂದು ಕೊಟ್ಟ ಅರ್ಜಿಗೆ ‘ಅವಕಾಶವಿಲ್ಲ’ ಎಂಬ ಉತ್ತರ ಬಂದಿದೆ. ಹಾಗಾಗಿ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ನಾನು ಎಕ್ಕಂಬಿಯಲ್ಲಿ ಬಟ್ಟೆ ಹೊಲಿಯುವವಳು, ವಯಸ್ಸು ನಲವತ್ತೆಂಟು. ಸಿದ್ದಾಪುರದ ಶಿಲ್ಪಾ, ಯಲ್ಲಾಪುರದಾಚೆಯ ಸೌಮ್ಯ ಮತ್ತು ನಾನು ಶಿರಸಿಯ ಹೊಲಿಗೆ ತರಬೇತಿಯಲ್ಲಿ ಒಂದೇ ಮಷಿನ್ನಿಗೆ ಪಾಳಿ ಹಚ್ಚಿ ಕೂತವರು. ಆಮೇಲಿನ ಇಪ್ಪತ್ತಾರು ವರ್ಷ ನಾವು ಭೇಟಿಯಾದದ್ದೆಲ್ಲ ಯಾರದೋ ಮದುವೆಯಲ್ಲಿ, ಯಾರದೋ ತಿಥಿಯಲ್ಲಿ, ಇಲ್ಲವೇ ಆಸ್ಪತ್ರೆಯ ಬೆಂಚಿನ ಮೇಲೆ. ಹೆಂಗಸು ಹೊಸ್ತಿಲು ದಾಟಲು ಕಾರಣ ಬೇಕಲ್ಲ! ಹೋದ ವರ್ಷ ಬೈಕ್ ಕಲಿತೆ. ಹಳೆಯದೊಂದು ಗೇರಿನ ಗಾಡಿ ಕೊಂಡೆ. ಈ ನವೆಂಬರಿನ ಒಂದು ಭಾನುವಾರ ಯಾವ ಕಾರಣವೂ ಇಲ್ಲದೆ ಹೊರಟೆ.

ಆ ದಿನದ ಸುಖವನ್ನು ನಿಮಗೆ ಹೇಳಲೇಬೇಕು, ನಿಮ್ಮ ಪುಸ್ತಕದಲ್ಲಿ ಅದಕ್ಕೆ ಕಾಲಮ್ ಇಲ್ಲ. ಸಿದ್ದಾಪುರದಲ್ಲಿ ಶಿಲ್ಪಾ ಹುಯ್ದುಕೊಟ್ಟ ಆರು ದೋಸೆ ತಿಂದೆ. ನೆಟ್ಟಗಿನ ರಸ್ತೆ ಬಿಟ್ಟು ಹೆಗ್ಗರಣೆಯ ಮೇಲೆ ಸುತ್ತಿಕೊಂಡು ಬಂದೆ. ಗದ್ದೆಯೆಲ್ಲ ಹಣ್ಣಾಗಿತ್ತು. ಬಯಲಲ್ಲಿ ಬೆನ್ನಿಗೆ ಬಿಸಿಲು, ಕಾಡು ಹೊಕ್ಕ ಕೂಡಲೇ ಮೈ ಜುಂ ಎನ್ನುವ ತಂಪು. ‘ಎಷ್ಟೊತ್ತಿಗೆ ಬರ್ತಿ’ ಎಂದು ಯಾರೂ ಕೇಳಲಿಲ್ಲ. ಶಿರಸಿ ದಾಟಿ ಬೇಡ್ತಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಅರ್ಧ ತಾಸು ನೀರು ನೋಡಿದೆ. ಒಗೆಯುವ ಬಟ್ಟೆಯಿಲ್ಲದೆ ಹೊಳೆಯ ಹತ್ತಿರ ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆಮೇಲೆ ನಿಮ್ಮ ಗೇಟು ಬಂತು. ಕಾವಲಿನ ಶಾಂತಾರಾಮ ಪುಸ್ತಕ ಬಿಡಿಸಿ ಕೂತಿದ್ದ.

“ಎಲ್ಲಿಗೆ?”

“ಗೆಳತಿ ಮನಿಗೆ.”

“ಎಂತಕ್ಕೆ?”

“ಸುಮ್ಮನ.”

“ಒಬ್ರೇ? ಯಜಮಾನ್ರು?”

“ಮನ್ಯಾಗದಾರ. ಅವ್ರಿಗೆ ಬೈಕ್ ಬರೂದಿಲ್ಲ.”

ಅವನು ಪೆನ್ನು ಕೆಳಗಿಟ್ಟ. “ಸುಮ್ನೆ ಅಂತ ಬರೆದ್ರೆ ಸಾಹೇಬ್ರು ನಂಗೆ ಬೈತಾರೆ, ಅಕ್ಕಾ. ಮದ್ವೆ, ಸಾವು, ಆಸ್ಪತ್ರೆ, ಎಂತಾರೂ ಒಂದು ಹೇಳಿ. ಬಿಡ್ತೆ.”

ಒಂದು ತಾಸು ವಾದ ಮಾಡಿದೆ. ಹೊತ್ತು ಇಳಿಯುತ್ತಿತ್ತು. ಕೊನೆಗೆ ಸಿಟ್ಟು ನೆತ್ತಿಗೇರಿ, “ಸಾವು ಅಂತ ಬರ್ಕೋರಿ” ಎಂದೆ. “ಯಾರದ್ದು?” ಎಂದ. ಅದನ್ನು ನಾನು ಯೋಚಿಸಿರಲಿಲ್ಲ. ಸೌಮ್ಯಳ ಅತ್ತೆ ವೆಂಕಮ್ಮನವರಿಗೆ ಎಂಬತ್ತೊಂದು, ಬಾಯಿಗೆ ಅವರ ಹೆಸರೇ ಬಂತು. ಶಾಂತಾರಾಮ ಎದ್ದು ನಿಂತು ಟೊಪ್ಪಿಗೆ ತೆಗೆದ. ಅವನಿಗೆ ಅವರ ಪರಿಚಯವಿತ್ತು. ಗೇಟು ಎತ್ತಿದ್ದೇ ತಡ, ಪಾಪ, ಮರುಗಿಕೊಂಡು ಆ ಊರಿಗೆ ಫೋನನ್ನೂ ಮಾಡಿದ.

ಮಣ್ಣುರಸ್ತೆಯಲ್ಲಿ ನಾನು ಕುಲುಕಿಕೊಂಡು ತಲುಪುವಷ್ಟರಲ್ಲಿ ಸೌಮ್ಯಳ ಅಂಗಳದಲ್ಲಿ ಮೂವತ್ತು ಜನ. ಒಬ್ಬರು ಕಟ್ಟಿಗೆಗೆ ಕೊಡಲಿಯನ್ನೂ ತಂದಿದ್ದರು. ವೆಂಕಮ್ಮ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು.

“ಬಾರೇ, ನನ್ನ ಹೆಣ ನೋಡೂಕೆ ಬಂದ್ಯಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ.

“ಬಾಯಲ್ಲಿ ಅಂದಿದ್ದಾದ್ರೆ ಗಾಳಿಗೆ ಹೋಗ್ತಿತ್ತು. ನೀನು ಸರ್ಕಾರದ ಪುಸ್ತಕದಲ್ಲಿ ಬರ್ಸಿದ್ದೆ. ಅದ್ನ ಹೊಡೆಸ್ಕಂಡು ಬಾ. ಅಲ್ಲೀ ತನ್ಕ ಈ ಮೆಟ್ಲು ಹತ್ಬೇಡ.”

ಇಪ್ಪತ್ತಾರು ವರ್ಷ ಕಾದ ಗೆಳತಿ ಅಂಗಳಕ್ಕೇ ಒಂದು ಚೊಂಬು ನೀರು ತಂದುಕೊಟ್ಟಳು. ಅತ್ತೆಯ ಎದುರು ಅವಳಾದರೂ ಏನು ಮಾತಾಡಿಯಾಳು? ನಿಂತಲ್ಲೇ ಕುಡಿದು ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಗೇಟು ಯಾಕೆಂದು ನನಗೆ ಗೊತ್ತಿಲ್ಲದಿಲ್ಲ. ಕಾಡಿನಲ್ಲಿ ಬಾಟಲಿ ಒಡೆದು ಹೋಗುವ ಮಹಾನುಭಾವರಿದ್ದಾರೆ. ಅವರ ಚೀಲ ನೋಡಿ, ದಂಡ ಹಾಕಿ, ಯಾರು ಬೇಡವೆಂದರು? ಆದರೆ ಬಾಟಲಿ ಒಡೆಯುವವನು ನಿಮ್ಮ ಪುಸ್ತಕದಲ್ಲಿ ‘ಬಾಟಲಿ ಒಡೆಯಲು’ ಎಂದು ಬರೆಸುತ್ತಾನೆಯೇ? ವಾದದ ನಡುವೆ ನಾನು ಹಿಂದಿನ ಪುಟಗಳನ್ನು ತಿರುವಿದೆ. ಎರಡೇ ವಾರದಲ್ಲಿ ಒಂದೇ ಮನೆಯ ಹುಡುಗನಿಗೆ ಮೂರು ಮದುವೆಯಾಗಿದೆ, ಮೂರಕ್ಕೂ ಬೇರೆ ಬೇರೆ ಕಾರುಗಳಲ್ಲಿ ನೆಂಟರು ಬಂದಿದ್ದಾರೆ. ಅವರೆಲ್ಲ ನಿಮಗೆ ಸಭ್ಯರು. ನಿಜ ಹೇಳಿದ ನಾನೊಬ್ಬಳೇ ನಿಮ್ಮ ಲೆಕ್ಕದಲ್ಲಿ ‘ಅನಗತ್ಯ ಸಂಚಾರ’. ಗೆಳತಿಯ ಮುಖ ನೋಡುವುದು ಅನಗತ್ಯವೆಂದು ಯಾವ ಕಡತದಲ್ಲಿದೆ? ತಾವು ಗೆಳೆಯರ ಮನೆಗೆ ಹೋಗುವಾಗ ಯಾವ ಕಾಲಮ್ ತುಂಬುತ್ತೀರಿ, ಅಥವಾ ತಮಗೆ ಗೆಳೆಯರೇ ಇಲ್ಲವೇ?

ನಿಮ್ಮ ಉತ್ತರವನ್ನು ನಾನು ಜೋಪಾನವಾಗಿಟ್ಟಿದ್ದೇನೆ. ‘ನಮೂದು ಬದಲಿಸಲು ಅವಕಾಶವಿಲ್ಲ. ಅಗತ್ಯವಿದ್ದಲ್ಲಿ ಸಂಬಂಧಪಟ್ಟ ವ್ಯಕ್ತಿ ಗುರುತಿನ ಪುರಾವೆಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.’ ಸಂಬಂಧಪಟ್ಟ ವ್ಯಕ್ತಿ ನಿಮ್ಮದೇ ದಾಖಲೆಯ ಪ್ರಕಾರ ತೀರಿಕೊಂಡವರು. ಹೆಣಕ್ಕೆ ಸಮನ್ಸ್ ಕಳಿಸಿದ ಕಚೇರಿ ಈ ಜಿಲ್ಲೆಯಲ್ಲಿ ಬಹುಶಃ ನಿಮ್ಮದೊಂದೇ.

ನಿಮ್ಮ ಈ ಉತ್ತರವನ್ನು ಸೌಮ್ಯಳಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. ವೆಂಕಮ್ಮ ಫೋನು ಕಸಿದುಕೊಂಡರು. “ಖುದ್ದಾಗಿ ಬರ್ಬೇಕಂತಾ? ಬತ್ತೆ ಅಂತ ಬರಿ.”

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಾವೇ ಗೇಟಿನಲ್ಲಿರತಕ್ಕದ್ದು. ಆ ಕಡೆಯಿಂದ ಸೌಮ್ಯಳ ಸ್ಕೂಟಿಯಲ್ಲಿ ವೆಂಕಮ್ಮ, ಈ ಕಡೆಯಿಂದ ನಾನು. ಅವರ ಕಣ್ಣೆದುರಿಗೆ ‘ಸಾವು’ ಎಂಬುದನ್ನು ತಾವು ಹೊಡೆದುಹಾಕಬೇಕು. ಅದರ ಪಕ್ಕದಲ್ಲಿ ನಾನು ಆ ದಿನ ಹೇಳಿದ್ದನ್ನೇ ಬರೆಯಬೇಕು. ಶಾಂತಾರಾಮನಿಗೆ ಒಂದು ಮಾತೂ ಬೈಯಬಾರದು. ಆಗದು ಎಂದರೆ ಗೇಟಿನ ಎರಡೂ ಕಡೆ ನಾವು ಕೂರುವವರೇ. ಬುತ್ತಿ ಕಟ್ಟಿಕೊಂಡೇ ಬರುತ್ತೇವೆ.

ಪುಸ್ತಕದ ಕೆಲಸ ಮುಗಿದ ಮೇಲೆ ನಾನು ವೆಂಕಮ್ಮನವರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಬೇಡ್ತಿ ಸೇತುವೆಗೆ ಕರೆದೊಯ್ಯಬೇಕಂತೆ, ವಾಪಸು ಬಂದು ಅವರ ಮನೆಯಲ್ಲಿ ಚಾ ಅಂತೆ; ಇದು ಅವರದೇ ಅಪ್ಪಣೆ. ಹೊರಗೆ ಹೋಗುವವರಿಗೂ ನಿಮ್ಮ ಪುಸ್ತಕವಿದೆಯಲ್ಲ, ಉದ್ದೇಶ ಏನು ಬರೆಸ್ತೀರಿ ಎಂದು ಅವರನ್ನೇ ಕೇಳಿದೆ.

“ಎಂಬತ್ತೊಂದು ವರ್ಷ ಎಂತಕ್ಕಾರೂ ಹೋಗಿದ್ದೇ ಆಯ್ತು” ಎಂದರು. “ಇದೊಂದು ಸಲ ಸುಮ್ನೆ ಅಂತ ಬರಿಸು.”

ಇಂತಿ,
ನಿಜ ಹೇಳಿ ಒಂದು ತಾಸು ನಿಂತ, ಸುಳ್ಳು ಹೇಳಿ ಅರ್ಧ ನಿಮಿಷದಲ್ಲಿ ದಾಟಿದ
ದಾಕ್ಷಾಯಿಣಿ, ಹೊಲಿಗೆಯವಳು
ಎಕ್ಕಂಬಿ